ಗುಳೆಯ ಲೆಕ್ಕ

ಗುಳೆ ಹೋಗುವುದೆಂದರೆ ನಮ್ಮ ಕಡೆ ಮನೆಯ ಒಬ್ಬ ಕೆಲಸ ಹುಡುಕಿಕೊಂಡು ಹೊರಡುವುದಲ್ಲ, ಒಲೆಯೇ ಹೊರಡುವುದು. ಯಾದಗಿರಿ, ರಾಯಚೂರು ಜಿಲ್ಲೆಗಳ ಒಣಬೇಸಾಯದ ಊರುಗಳಲ್ಲಿ ರಾಶಿ ಮುಗಿದ ಮೇಲೆ ಗಂಡ, ಹೆಂಡತಿ, ಕೈಗೂಸು, ಜೋಳದ ಚೀಲ ಎಲ್ಲವೂ ಬೆಂಗಳೂರು, ಪುಣೆ, ಮುಂಬಯಿಯ ದಾರಿ ಹಿಡಿಯುತ್ತವೆ. ಹಿಂದೆ ಉಳಿಯುವವರು ಮುದುಕರು, ಶಾಲೆಯ ಮಕ್ಕಳು. ಕೆಲವು ಮನೆಗಳಿಗೆ ಬೀಗವೇ ಕಾವಲು.

ಇದನ್ನು ಕಂಡು ಮರುಗುವುದು ಸುಲಭ. ಆದರೆ ಮರುಗುವವರು ಯಾರು ಎಂಬುದನ್ನೂ ನೋಡಬೇಕು. ‘ಕೂಲಿಗೆ ಆಳೇ ಸಿಗವಲ್ರು, ಊರು ಹಾಳಾತು’ ಎನ್ನುವ ಹೊಲದ ಒಡೆಯನ ದುಃಖದಲ್ಲಿ, ಹಳೆಯ ಕೂಲಿಗೆ ಆಳು ಸಿಗುತ್ತಿಲ್ಲವೆಂಬ ಸಂಕಟವೂ ಸೇರಿದೆ. ಹೋದವರು ಕಲ್ಲು, ಇಟ್ಟಿಗೆ ಹೊತ್ತು ತಂದ ದುಡ್ಡಿನಲ್ಲಿ ಮಾಳಿಗೆ ಎದ್ದಿದೆ, ಮಗಳ ಮದುವೆಯಾಗಿದೆ. ಊರಿನಲ್ಲಿ ಜಾತಿ ಹಿಡಿದು ಕರೆಸಿಕೊಳ್ಳುತ್ತಿದ್ದವನಿಗೆ ಪಟ್ಟಣದ ಗದ್ದಲದಲ್ಲಿ ಒಂದಿಷ್ಟು ಮರೆ ಸಿಕ್ಕಿದೆ. ಇವು ಸಣ್ಣ ಗಳಿಕೆಗಳಲ್ಲ.

ಹಾಗಾದರೆ ಆದಾಯ ಹೆಚ್ಚಿದರೆ ಸಾಕೆ? ನನ್ನ ಮನಸ್ಸು ಒಪ್ಪುವುದಿಲ್ಲ. ಎಷ್ಟೋ ಮನೆಗಳು ಹೊರಡುವ ಮೊದಲೇ ಮೇಸ್ತ್ರಿಯಿಂದ ಮುಂಗಡ ಪಡೆದಿರುತ್ತವೆ. ಆ ಹಣ ಬೀಜ, ಗೊಬ್ಬರದ ಸಾಲಕ್ಕೋ ಆಸ್ಪತ್ರೆಗೋ ಹೋಗಿರುತ್ತದೆ. ದುಡಿಯುವ ಮೊದಲೇ ದುಡಿದದ್ದು ಖರ್ಚಾಯಿತು! ಅಂಥವನು ಎಷ್ಟೇ ಗಳಿಸಲಿ, ‘ಈ ವರ್ಷ ನಾ ಬರಂಗಿಲ್ಲ’ ಎನ್ನಲಾರ.

ಸಂವಿಧಾನದ 19ನೇ ವಿಧಿ ನಮಗೆ ದೇಶದಲ್ಲೆಲ್ಲ ಓಡಾಡುವ, ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕು ಕೊಟ್ಟಿದೆ. ಸ್ವಂತ ಊರೂ ದೇಶದ ಒಂದು ಭಾಗವೇ ಅಲ್ಲವೆ? ಅಲ್ಲಿ ನೆಲೆಸಲು ಬೇಕಾದದ್ದು ನೀರು ಮತ್ತು ಕೆಲಸ. ಸುರಪುರ, ಶಹಾಪುರದ ಕಡೆ ನಾರಾಯಣಪುರದ ಎಡದಂಡೆ ಕಾಲುವೆ ಮುಟ್ಟಿದ ಹಳ್ಳಿಯವರು ಭತ್ತ ನಾಟಿಗೆ ಆಳು ಕರೆಯುತ್ತಾರೆ. ಮುಟ್ಟದ ಹಳ್ಳಿಯವರು ಬಸ್ಸು ಹತ್ತುತ್ತಾರೆ. ವ್ಯತ್ಯಾಸ ಜನರ ಗುಣದ್ದಲ್ಲ, ನೀರಿನದು. 2005ರ ಉದ್ಯೋಗ ಖಾತರಿ ಕಾಯ್ದೆ ವರ್ಷಕ್ಕೆ 100 ದಿನಗಳ ಕೆಲಸದ ಮಾತು ಕೊಟ್ಟಿತು. ಅದೂ ತಲೆಗಲ್ಲ, ಇಡೀ ಕುಟುಂಬಕ್ಕೆ. ಉಳಿದ ದಿನಗಳಿಗೆ ಹೊಟ್ಟೆ ಇಲ್ಲವೆ?

2020ರ ಮಾರ್ಚಿನಲ್ಲಿ ಪಟ್ಟಣಗಳು ಬಾಗಿಲು ಹಾಕಿದಾಗ ದೇಶದ ಎಷ್ಟೋ ಕೂಲಿಕಾರರು ನಡೆದಾದರೂ ಸೇರಬೇಕೆಂದದ್ದು ತಮ್ಮ ಊರನ್ನೇ. ಕಟ್ಟಿದ ಪಟ್ಟಣ ಅವರದಾಗಿರಲಿಲ್ಲ. ಬಿಟ್ಟ ಊರು ಅವರನ್ನು ಸಾಕುವಂತಿರಲಿಲ್ಲ.

ಹೋಗುವುದು ತಪ್ಪಲ್ಲ, ಉಳಿಯುವುದು ಪುಣ್ಯವೂ ಅಲ್ಲ. ಒಂದು ಮನೆ ಏಳಿಗೆಯಾಯಿತೋ ಇಲ್ಲವೋ ಎಂದು ತಿಳಿಯಲು ನಾನು ಅದರ ಮಾಳಿಗೆ ನೋಡುವುದಿಲ್ಲ. ಮುಂದಿನ ವರ್ಷ ಮೇಸ್ತ್ರಿ ಬಂದು ನಿಂತಾಗ ಆ ಮನೆಯವರು ಒಲ್ಲೆವೆನ್ನಬಲ್ಲರೆ ಎಂದು ನೋಡುತ್ತೇನೆ.