ಪುಕ್ಕಟೆಯ ಲೆಕ್ಕ

ಹಣ ಮುಟ್ಟದೆ ಮಾಡಿದ ಕೆಲಸ ಹಣ ಪಡೆದು ಮಾಡಿದ್ದಕ್ಕಿಂತ ದೊಡ್ಡದು ಎಂದು ನಾವೆಲ್ಲ ನಂಬಿಕೊಂಡು ಬಂದವರು. ಸನ್ಮಾನ ಸಮಾರಂಭಗಳಲ್ಲಿ ‘ಇವರು ಒಂದು ಬಿಡಿಗಾಸನ್ನೂ ಪಡೆಯದೆ ದುಡಿದವರು’ ಎಂದಾಗ ಬೀಳುವ ಚಪ್ಪಾಳೆಯೇ ಬೇರೆ. ನಿಸ್ವಾರ್ಥ ಸೇವೆಯನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಪುಕ್ಕಟೆ ಕೊಟ್ಟವರನ್ನು ‘ಇದು ಸರಿಯಿಲ್ಲವಲ್ಲ’ ಎಂದು ಕೇಳುವ ಹಕ್ಕು ತೆಗೆದುಕೊಂಡವರಿಗೆ ಉಳಿಯುತ್ತದೆಯೇ? ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದವರು ಶಿರಾ ತಾಲ್ಲೂಕಿನ ಒಂದು ಹಳ್ಳಿಯ ಹೆಂಗಸರು.

2018ರಲ್ಲಿ ವಿಜ್ಞಾನದ ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ತಿಂಗಳಿಗೆರಡು ಸಲ ತುಮಕೂರಿನಿಂದ ಆ ಹಳ್ಳಿಯ ಮಹಿಳಾ ಸಹಕಾರ ಸಂಘಕ್ಕೆ ಹೋಗತೊಡಗಿದೆ. ಎರೆಗೊಬ್ಬರ ಮಾಡುವುದು, ಬಚ್ಚಲ ನೀರು ಹರಿಯುವ ಕಡೆ ಬಸಳೆ, ಬದನೆ, ನುಗ್ಗೆ ಬೆಳೆಸುವುದು ನಮ್ಮ ಕಾರ್ಯಕ್ರಮ. ಸಗಣಿ, ತಿಪ್ಪೆಗಳ ವಿಷಯದಲ್ಲಿ ನಾನು ಅವರಿಗೆ ಹೇಳಿಕೊಡುವಂಥದ್ದು ಹೆಚ್ಚೇನೂ ಇರಲಿಲ್ಲ. ಎರೆಹುಳುವಿನ ಸ್ವಭಾವವನ್ನಷ್ಟೇ ಹೇಳಿದೆ. ಹಸಿ ಸಗಣಿ ಹಾಕಿದರೆ ಅದರ ಕಾವಿಗೇ ಹುಳು ಸಾಯುತ್ತದೆ. ಎರಡು ಮೂರು ವಾರ ಕೊಳೆಸಿದ್ದಾಗಬೇಕು. ತೊಟ್ಟಿಗೆ ನೆರಳು ಬೇಕು, ಮೇಲೆ ಒದ್ದೆ ಗೋಣಿಚೀಲ ಬೇಕು. ಇರುವೆಯೂ ಕೋಳಿಯೂ ಹತ್ತಿರ ಸುಳಿಯಬಾರದು. ಇಷ್ಟು ನಡೆಸಿಕೊಟ್ಟರೆ ಕಡಲೆಕಾಯಿ ಬಳ್ಳಿಯೂ ಸಗಣಿಯೂ ಒಂದೂವರೆ ಎರಡು ತಿಂಗಳಲ್ಲಿ ಚಹಾಪುಡಿಯಂತೆ ಉದುರುದುರಾಗುತ್ತವೆ.

ನಾನು ಎರಡನೆಯ ಸಲ ಹೋದ ದಿನ ಸಂಘದ ಕಾರ್ಯದರ್ಶಿ ಬಸ್ ಚಾರ್ಜಿನ ದುಡ್ಡನ್ನೂ ಲೆಕ್ಕದ ಪುಸ್ತಕವನ್ನೂ ನನ್ನ ಮುಂದಿಟ್ಟು ‘ರುಜು ಹಾಕಿ ಮೇಡಂ’ ಎಂದಳು. ‘ನನಗೆ ಪಿಂಚಣಿ ಬರುತ್ತದಮ್ಮ, ಇದೆಲ್ಲ ಬೇಡ’ ಎಂದೆ. ಆಗ ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಧ್ಯಕ್ಷೆ ಬಾಯಿ ತೆರೆದಳು:

‘ತಗಳ್ಳಿ ಮೇಡಂ. ನೀವು ಪುಕ್ಕಟೆ ಬಂದು, ಒಂದಿನ ಬರ್ಲಿಲ್ಲ ಅಂದ್ರೆ ಯಾಕೆ ಅಂತ ಕೇಳಕ್ಕಾಯ್ತದಾ? ಇಪ್ಪತ್ ಜನ ಕೂಲಿ ಬಿಟ್ಟು ಕೂತಿರ್ತೀವಿ.’

ರುಜು ಹಾಕಿದೆ. ಬಸ್ಸಿನಲ್ಲಿ ಹಿಂದಿರುಗುವಾಗ ಮನಸ್ಸು ಲೆಕ್ಕ ಹಾಕುತ್ತಲೇ ಇತ್ತು. ನನ್ನ ಒಂದು ದಿನದ ಖರ್ಚನ್ನು ಪಿಂಚಣಿ ತುಂಬಿಕೊಡುತ್ತದೆ. ಅವರ ಇಪ್ಪತ್ತು ದಿನಗಳ ಕೂಲಿಯನ್ನು ತುಂಬಿಕೊಡುವವರು ಯಾರೂ ಇಲ್ಲ. ಊರಿನಲ್ಲಿ ‘ಟೀಚರಮ್ಮ ಪುಕ್ಕಟೆ ಹೇಳಿಕೊಡ್ತಾರೆ’ ಎಂದು ಹೆಸರಾಗಿದ್ದ ಆ ಪಾಠಕ್ಕೆ ನಿಜವಾಗಿ ಬೆಲೆ ತೆತ್ತವರು ಅವರೇ.

ಅಧ್ಯಕ್ಷೆಯ ಮಾತಿಗೆ ಹಿಂದೊಂದು ಅನುಭವವಿತ್ತು. ಯಾವುದೋ ಸಂಸ್ಥೆಯವರು ಮೊದಲು ಒಮ್ಮೆ ಪುಕ್ಕಟೆಯಾಗಿ ಎರೆಹುಳು ಹಂಚಿದ್ದರಂತೆ. ಬಿಸಿಲಲ್ಲಿ ಬಂದ ಚೀಲ ಬಿಚ್ಚಿದರೆ ಅರ್ಧಕ್ಕರ್ಧ ಸತ್ತಿದ್ದವು. ಪುಕ್ಕಟೆ ಕೊಟ್ಟವರನ್ನು ಕೇಳುವುದು ಹೇಗೆಂದು ಎಲ್ಲರೂ ಸುಮ್ಮನಾದರು, ಫೋಟೋಕ್ಕೂ ನಿಂತರು. ಮರುವರ್ಷ ಸಂಘದ ದುಡ್ಡಿನಿಂದಲೇ ಕಿಲೋ ಲೆಕ್ಕದಲ್ಲಿ ಹುಳು ಕೊಂಡಾಗ, ಚೀಲ ಬಿಚ್ಚಿಸಿ, ಕೈಯಾಡಿಸಿ ನೋಡಿದ ಮೇಲೆಯೇ ಹಣ ಎಣಿಸಿದರು. ಹೆಂಗಸರು ಅವರೇ, ಬೇಕಾದದ್ದೂ ಅದೇ ಹುಳು. ಆದರೂ ಕೇಳುವ ಬಾಯಿ ಬಂದದ್ದು ಆ ವರ್ಷ.

ಸಹಕಾರದ ಮೂಲತತ್ತ್ವವೂ ಇದೇ ಅಲ್ಲವೇ? 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಪತ್ತಿನ ಸಂಘ ಕಟ್ಟಿದರು. ಅದು ಧರ್ಮಛತ್ರವಾಗಿರಲಿಲ್ಲ. ಸಹಕಾರ ಸಂಘದಲ್ಲಿ ಪ್ರತಿಯೊಬ್ಬರೂ ಷೇರು ಹಣ ಕಟ್ಟುತ್ತಾರೆ. ಷೇರು ಹೆಚ್ಚಿರಲಿ ಕಡಿಮೆಯಿರಲಿ, ಒಬ್ಬರಿಗೆ ಒಂದೇ ಮತ. ತಾನೂ ಕಟ್ಟಿದ್ದೇನೆ ಎಂಬ ಧೈರ್ಯದಿಂದಲೇ ಬಡವಿ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುತ್ತಾಳೆ.

ನೀವು ಕೇಳಬಹುದು: ಎಲ್ಲವನ್ನೂ ಹೀಗೆ ಪುಸ್ತಕದಲ್ಲಿ ಬರೆಯುತ್ತ ಹೋದರೆ ಪ್ರೀತಿಗೆ, ವಿಶ್ವಾಸಕ್ಕೆ ಜಾಗವೆಲ್ಲಿ? ನಮ್ಮ ಮನೆಗಳ ಒಂದು ಪದ್ಧತಿಯನ್ನೇ ನೆನಪಿಸಿಕೊಳ್ಳಿ. ನೆರೆಮನೆಯವರು ಪಾಯಸ ಕಳಿಸಿದ ಪಾತ್ರೆಯನ್ನು ನಾವು ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕುತ್ತೇವೆ. ಪಾಯಸಕ್ಕೆ ಸಕ್ಕರೆ ಬೆಲೆಯಲ್ಲ. ‘ನಾವೂ ನೀವೂ ಸಮ’ ಎಂದು ಹೇಳುವ ರೀತಿ ಅದು. ಬರಿದಾದ ಪಾತ್ರೆಯನ್ನೇ ಮತ್ತೆ ಮತ್ತೆ ಹಿಂದಿರುಗಿಸಬೇಕಾಗಿ ಬಂದವರು ಕ್ರಮೇಣ ನಮ್ಮ ಬಾಗಿಲಿಗೆ ಬರುವುದನ್ನೇ ಬಿಡುತ್ತಾರೆ. ಆ ಬಸ್ ಚಾರ್ಜನ್ನು ನಾನು ಈ ಸಕ್ಕರೆಯೆಂದೇ ತಿಳಿದಿದ್ದೇನೆ.

ಪುಕ್ಕಟೆ ಕೆಲಸಕ್ಕೆ ಇನ್ನೊಂದು ಮುಖವೂ ಇದೆ. ಅದು ನಮ್ಮ ಅಡುಗೆಮನೆಗಳಲ್ಲಿ ಇದೆ. 2019ರ ಸರ್ಕಾರಿ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಅದೇ ಕೆಲಸ ಮಾಡುವ ಗಂಡಸರು 97 ನಿಮಿಷ. ಈ ಐದು ಗಂಟೆಗೆ ಯಾರೂ ಹಾರ ಹಾಕುವುದಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಮಾತ್ರ ಪ್ರಶ್ನೆ ತಪ್ಪದೆ ಬರುತ್ತದೆ! ನನ್ನನ್ನು ‘ಸೇವೆ ಮಾಡುವವರು’ ಎಂದು ಹೊಗಳುವ ಜನ, ಐದು ಗಂಟೆ ದುಡಿದವಳನ್ನು ‘ಮನೆಯಲ್ಲಿ ಸುಮ್ಮನೆ ಇದ್ದಾಳೆ’ ಎನ್ನುತ್ತಾರೆ. ವ್ಯತ್ಯಾಸ ಎಲ್ಲಿದೆಯೆಂದರೆ, ನಾನು ಬೇಡವೆನಿಸಿದ ದಿನ ಹೋಗದೆ ಇರಬಹುದು. ಅವಳು ಒಲೆ ಹಚ್ಚದೆ ಇರುವಂತಿಲ್ಲ. ಆದ್ದರಿಂದ ಹಣ ತೆಗೆದುಕೊಳ್ಳಲಿಲ್ಲ ಎಂಬುದೊಂದರಿಂದಲೇ ಕೆಲಸ ಪುಣ್ಯದ್ದಾಗುವುದಿಲ್ಲ. ಮಾಡುವವಳಿಗೆ ‘ಆಗುವುದಿಲ್ಲ’ ಎನ್ನುವ ಸ್ವಾತಂತ್ರ್ಯವಿರಬೇಕು, ಪಡೆಯುವವಳಿಗೆ ‘ಯಾಕೆ’ ಎಂದು ಕೇಳುವ ಸ್ವಾತಂತ್ರ್ಯವಿರಬೇಕು. ಎರೆಹುಳುವಿಗಾದರೂ ಮೊದಲನೆಯದು ಇದೆ. ರೈತನ ಮಿತ್ರ ಎಂದು ನಾವೆಷ್ಟೇ ಹೊಗಳಿದರೂ, ತೊಟ್ಟಿಯಲ್ಲಿ ತೇವ ಸರಿಯಿಲ್ಲದಿದ್ದರೆ, ಸಂದು ಸಿಕ್ಕಿದ ಕಡೆ ಅದು ಹೊರಟುಹೋಗುತ್ತದೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ಹಣವಿಲ್ಲವೆಂದಾಯಿತು. ಅಲ್ಲಿಯೂ ಕಂಡಕ್ಟರ್ ಸೊನ್ನೆಯ ಟಿಕೆಟ್ ಹರಿದು ಕೊಡುತ್ತಾನೆ. ನಿಗಮಕ್ಕೆ ಸರ್ಕಾರ ಹಣ ತುಂಬಬೇಕು, ಅದು ನಮ್ಮೆಲ್ಲರ ತೆರಿಗೆಯಿಂದ ಬರಬೇಕು. ಇನ್ನು ಪುಸ್ತಕದಲ್ಲಿ ನನ್ನ ಹೆಸರಿರಲಾರದು ಎಂದುಕೊಂಡಿದ್ದೆ. ಸಂಘದವರು ಸಭೆ ಸೇರಿ, ಸಲಕ್ಕೆ ಎರಡು ಕಿಲೋ ಎರೆಗೊಬ್ಬರವೆಂದು ಠರಾವು ಮಾಡಿದರು. ಮಾರಾಟದ ದರದಲ್ಲೇ ಖರ್ಚು ಬರೆದರು. ಈಗ ಚೀಲ ಹೊತ್ತು ಮನೆಗೆ ಬರುತ್ತೇನೆ. ಪಾಠ ಹಿಡಿಸದ ದಿನ ಅಧ್ಯಕ್ಷೆ ನಡುವೆಯೇ ತಡೆದು, ‘ಇದು ನಮ್ಗೊತ್ತಿರದೇ ಮೇಡಂ, ಮುಂದಿಂದ ಹೇಳಿ’ ಎನ್ನುತ್ತಾಳೆ. ಹಾಗೆನ್ನಲು ಅವಳಿಗೆ ಯಾವ ಸಂಕೋಚವೂ ಇಲ್ಲ.