ಕಲ್ಲಿನ ದನಿ, ಆಯುಸ್ಸಿನ ಲೆಕ್ಕ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಶಿಲ್ಪಿ ಉಳಿ ಹಿಡಿಯುವ ಮೊದಲು ಕಲ್ಲನ್ನು ತಟ್ಟಿ ಕಿವಿಗೊಡುತ್ತಾನೆ. ಗಂಟೆಯಂತೆ ನಾದ ಬಂದರೆ ಕಲ್ಲು ಗಟ್ಟಿ. ದನಿ ಮಂಕಾಗಿದ್ದರೆ ಒಳಗೆಲ್ಲೋ ಬಿರುಕಿದೆ. ಅಂಥ ಕಲ್ಲನ್ನು ಪಕ್ಕಕ್ಕಿಟ್ಟು ಬೇರೊಂದನ್ನು ಆರಿಸಿದರಾಯಿತು.

ಈ ಊರಿನ ಮನೆಯೊಂದನ್ನು ಊಹಿಸಿಕೊಳ್ಳೋಣ. ಯಜಮಾನರಿಗೆ ಅರವತ್ತು ವರ್ಷ, ಕಸುಬು ಶಿಲ್ಪ. ಕೋಲಾರ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಒಂದು ದಿನ ಆ ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಸಾರು ಹೆಚ್ಚು ಹಾಕಿಸಿಕೊಳ್ಳುತ್ತಾರೆ, ಆಮೇಲೆ ಗಂಜಿಗೆ ಇಳಿಯುತ್ತಾರೆ, ಕೊನೆಗೆ ಬೆಂಗಳೂರಿನ ಆಸ್ಪತ್ರೆಗೆ ಹೋಗುತ್ತಾರೆ. ಬಯಾಪ್ಸಿಯಲ್ಲಿ ಅನ್ನನಾಳದ ಕ್ಯಾನ್ಸರ್ ಎಂದು ಬರುತ್ತದೆ. ಈ ನಾಳ ಹಿಗ್ಗುವ ಗುಣದ್ದು. ಸಾಕಷ್ಟು ಕಿರಿದಾಗುವವರೆಗೆ ತುತ್ತು ಇಳಿಯುತ್ತಲೇ ಇರುವುದರಿಂದ ಕಾಯಿಲೆ ಗೊತ್ತಾಗುವುದೇ ತಡವಾಗಿ.

ಬಯಾಪ್ಸಿಯ ಚೂರನ್ನು ತೆಳುವಾಗಿ ಕೊಯ್ದು, ಬಣ್ಣ ಹಿಡಿಸಿ, ಕೆಲವು ಪ್ರೋಟೀನುಗಳನ್ನು ಹುಡುಕಬಹುದು. ಕೆಐ-67 ಎಂಬುದು ಕೋಶಗಳು ಎಷ್ಟು ಚುರುಕಾಗಿ ಹೆಚ್ಚುತ್ತಿವೆ ಎಂದು ಸೂಚಿಸುತ್ತದೆ. 1979ರಲ್ಲಿ ಗುರುತಿಸಲಾದ ಪಿ53, ಹಾಳಾದ ಕೋಶ ಬೆಳೆಯದಂತೆ ತಡೆಯುವ ಕಾವಲುಗಾರ. ಆ ಕಾವಲು ಕೆಟ್ಟಿದೆಯೇ ಎಂದೂ ನೋಡುತ್ತಾರೆ. ಇಂಥ ಗುರುತುಗಳಿಂದ ರೋಗಿ ಎಷ್ಟು ಕಾಲ ಬದುಕಬಹುದೆಂದು ಅಂದಾಜಿಸುವ ಸಂಶೋಧನೆ ದಶಕಗಳಿಂದ ನಡೆದಿದೆ. ಇದೂ ತಟ್ಟಿ ಕೇಳುವ ಕೆಲಸವೇ. ಆದರೆ ಮನುಷ್ಯನನ್ನು ಕಲ್ಲಿನಂತೆ ಪಕ್ಕಕ್ಕಿಡಲಾಗದು. ಹಾಗಾದರೆ ಈ ತಿಳಿವು ಯಾರಿಗಾಗಿ?

ಕೆಲವು ಗುರುತುಗಳು ಚಿಕಿತ್ಸೆಯ ದಾರಿಯನ್ನೇ ಬದಲಿಸುತ್ತವೆ. ಅನ್ನನಾಳ ಜಠರವನ್ನು ಸೇರುವಲ್ಲಿ ಹುಟ್ಟುವ ಕೆಲವು ಗಡ್ಡೆಗಳಲ್ಲಿ ಹರ್-2 ಪ್ರೋಟೀನು ಹೆಚ್ಚಿದ್ದರೆ ಅದಕ್ಕೆಂದೇ ಬೇರೆ ಔಷಧವಿದೆ. ಇದನ್ನು ಹೇಳಬೇಕೇ ಎಂಬ ಪ್ರಶ್ನೆ ಹುಟ್ಟುವುದಿಲ್ಲ. ಕಷ್ಟವಿರುವುದು ಬರೀ ಕಾಲವನ್ನಷ್ಟೇ ಸೂಚಿಸುವ ಗುರುತುಗಳದ್ದು. ಅವು ಹೇಳುವುದು ನೂರಾರು ಜನರ ಗುಂಪಿನ ಲೆಕ್ಕ, ಎದುರು ಕೂತ ಒಬ್ಬರದ್ದಲ್ಲ. 1982ರಲ್ಲಿ ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ ಅಪರೂಪದ ಕ್ಯಾನ್ಸರ್ ಬಂತು. ಆ ರೋಗಿಗಳಲ್ಲಿ ಅರ್ಧದಷ್ಟು ಜನ 8 ತಿಂಗಳೊಳಗೆ ಸಾಯುತ್ತಾರೆಂದು ಆಗಿನ ಲೆಕ್ಕ. ಅವರು 20 ವರ್ಷ ಬದುಕಿ, 2002ರಲ್ಲಿ ಬೇರೊಂದು ಕ್ಯಾನ್ಸರಿನಿಂದ ತೀರಿಕೊಂಡರು. ಹಾಗೆಂದು ಲೆಕ್ಕ ಸುಳ್ಳಲ್ಲ, ಆ ಇನ್ನರ್ಧ ಜನರೂ ನಿಜವೇ.

ಈಗ ಮಗ ಡಾಕ್ಟರನ್ನು ಬಾಗಿಲಾಚೆ ನಿಲ್ಲಿಸಿಕೊಂಡು ಕೈಮುಗಿಯುತ್ತಾನೆ: "ಅಪ್ಪನಿಗೆ ಹೇಳ್ಬೇಡಿ ಸಾರ್, ಧೈರ್ಯ ಕಳ್ಕೊಂಡುಬಿಡ್ತಾರೆ." ಮಾತಿನಲ್ಲಿ ಪ್ರೀತಿಯಿದೆ. ಆದರೆ ಆ ಪ್ರೀತಿ ಅಪ್ಪನದೇ ಆದದ್ದನ್ನು ಕಸಿಯುತ್ತಿದೆ. ಕೊಟ್ಟಿಗೆಯಲ್ಲಿ ಅರ್ಧ ಮುಗಿದ ವಿಗ್ರಹವಿರಬಹುದು, ತೀರಿಸಬೇಕಾದ ಸಾಲವಿರಬಹುದು, ಮಾತುಬಿಟ್ಟ ತಮ್ಮನಿರಬಹುದು. ಕಾಲ ಕಡಿಮೆಯೆಂದು ಬಲ್ಲವರಷ್ಟೇ ಯಾವುದನ್ನು ಮೊದಲು ಮಾಡಬೇಕೆಂದು ಆರಿಸಬಲ್ಲರು.

ಎಲ್ಲವನ್ನೂ ಹೇಳಿಬಿಡುವುದೇ ಧರ್ಮ ಎಂದೂ ನಾನು ಹೇಳಲಾರೆ. "ಔಷಧಿ ಹೇಳಿ, ದಿನ ಎಣಿಸಬೇಡಿ" ಎನ್ನುವ ಹಕ್ಕೂ ಅವರಿಗಿದೆ. ಆದರೆ ಹಾಗೆನ್ನಬೇಕಾದವರು ಅವರು, ಮಗನಲ್ಲ. ಆದ್ದರಿಂದ ಮೊದಲು ಬೇಕಾದದ್ದು "ನಿಮಗೆ ಎಷ್ಟು ತಿಳಿಯಬೇಕು ಅನ್ನಿಸುತ್ತೆ?" ಎಂಬ ಒಂದು ಪ್ರಶ್ನೆ. ಅದನ್ನು ಕೇಳುವುದಕ್ಕೆ ಯಾವ ಯಂತ್ರವೂ ಬೇಡ, ಪಕ್ಕದಲ್ಲಿ ಕೂರುವ ಪುರುಸೊತ್ತು ಬೇಕು.

ಮುಚ್ಚಿಟ್ಟೆವು ಎಂದುಕೊಳ್ಳುವವರು ಇನ್ನೊಂದನ್ನು ಮರೆಯುತ್ತಾರೆ. ಬದುಕಿಡೀ ಕಲ್ಲು ತಟ್ಟಿ ಬಿರುಕನ್ನು ಕೇಳಿಸಿಕೊಂಡವರಿಗೆ, ಮಗನ ದನಿ ಮಂಕಾದದ್ದು ಕೇಳಿಸದೆ ಇದ್ದೀತೇ?