ಗಾಯ ಮಾಯಿಸುವುದು ಯಾರ ಕೆಲಸ?

ಮೈಗೆ ಬಿದ್ದ ಪೆಟ್ಟಿನ ಮಾತುಗಳನ್ನೇ ಇಂಗ್ಲಿಷ್ ಮನಸ್ಸಿಗೆ ಬಿದ್ದ ಪೆಟ್ಟಿಗೂ ಬಳಸುತ್ತದೆ. ಟ್ರಾಮಾ ಎಂದರೆ ಮೂಲ ಗ್ರೀಕಿನಲ್ಲಿ ಗಾಯವೇ. ಹೀಲಿಂಗ್, ಸ್ಕಾರ್, ಕ್ಲೋಶರ್ ಎಂಬ ಮಾತುಗಳು ಈಗ ಬೆಂಗಳೂರಿನ ಕನ್ನಡದಲ್ಲೂ ಸಲೀಸಾಗಿ ಓಡಾಡುತ್ತಿವೆ. ಈ ಎರವಲಿನಿಂದ ನೊಂದವರಿಗೆ ದೊಡ್ಡ ಉಪಕಾರವಾಗಿದೆ. ಅದರ ಜೊತೆಗೇ ಒಂದು ಅನ್ಯಾಯವೂ ನುಸುಳಿದೆ.

ಉಪಕಾರ ಎಷ್ಟು ದೊಡ್ಡದೆಂದು ತಿಳಿಯಲು ಮೊದಲ ಮಹಾಯುದ್ಧದ ಬ್ರಿಟಿಷ್ ಸೇನೆಯನ್ನು ನೋಡಬೇಕು. ಮೈಮೇಲೆ ಗೀರೂ ಇಲ್ಲದ ಸೈನಿಕರು ನಡುಗುತ್ತಿದ್ದರು, ಕೆಲವರ ಮಾತೇ ನಿಂತುಹೋಗಿತ್ತು. ವೈದ್ಯ ಚಾರ್ಲ್ಸ್ ಮೈಯರ್ಸ್ 1915ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ‘ಶೆಲ್ ಶಾಕ್’ ಎಂದು ಕರೆದರು. ಸೇನೆ ಅದನ್ನು ಎರಡಾಗಿ ಒಡೆಯಿತು. ಶತ್ರುವಿನ ಶೆಲ್ ಹತ್ತಿರದಲ್ಲೇ ಸಿಡಿದಿತ್ತೆಂದು ಕಂಡುಬಂದರೆ ಚೀಟಿಯ ಮೇಲೆ ‘ಡಬ್ಲ್ಯೂ’, ಅಂದರೆ ಗಾಯಾಳು. ಇಲ್ಲವಾದರೆ ‘ಎಸ್’, ಬರೀ ಕಾಯಿಲೆಯವನು. ಗಾಯಾಳುವಿಗೆ ತೋಳಿನ ಪಟ್ಟಿಯೂ ಪಿಂಚಣಿಯೂ ಸಿಗುತ್ತಿದ್ದವು, ಕಾಯಿಲೆಯವನಿಗೆ ಇಲ್ಲ. ಮನಸ್ಸಿನ ನೋವಿಗೆ ಗಾಯವೆಂಬ ಹೆಸರು ಸಿಕ್ಕರೆ ಮಾತ್ರ ಅದಕ್ಕೆ ಮಾನ. ವಿಯೆಟ್ನಾಂ ಯುದ್ಧದಿಂದ ಮರಳಿದವರ ಹೋರಾಟದ ಬೆನ್ನಿಗೆ 1980ರಲ್ಲಿ ಅಮೆರಿಕದ ಮನೋವೈದ್ಯರು ಪಿಟಿಎಸ್‌ಡಿಯನ್ನು, ಅಂದರೆ ಆಘಾತದ ನಂತರ ಉಳಿಯುವ ಮನೋವ್ಯಥೆಯನ್ನು, ತಮ್ಮ ಕೈಪಿಡಿಗೆ ಸೇರಿಸಿದ್ದೂ ಇದೇ ಹಾದಿಯಲ್ಲಿ ಬಂದ ಗೆಲುವು. ಅದನ್ನು ಕಡೆಗಣಿಸುವುದು ಕೃತಘ್ನತೆ.

ಇನ್ನು ಅನ್ಯಾಯದ ಮಾತು. ಚರ್ಮ ಸೀಳಿದರೆ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಜಾಗ ಕೆಂಪೇರಿ ಊದುತ್ತದೆ, ಹೊಸ ಮಾಂಸ ಬೆಳೆಯುತ್ತದೆ, ಕಲೆ ಉಳಿಯುತ್ತದೆ. ಕಲೆಯ ಚರ್ಮಕ್ಕೆ ಮೊದಲಿನ ಬಲದ ಸುಮಾರು ಶೇ. 80ರಷ್ಟು ಮಾತ್ರ ಮರಳುತ್ತದೆ. ಈ ಕೆಲಸಕ್ಕೆ ಚಾಕು ಹಿಡಿದವರು ಯಾರೆಂಬುದು ಬೇಕಿಲ್ಲ. ಅಡುಗೆಮನೆಯಲ್ಲಿ ಕೈಜಾರಿ ಆದ ಗಾಯವೂ ಹಗೆಯವನು ಇರಿದ ಗಾಯವೂ ಮಾಯುವುದು ಒಂದೇ ರೀತಿಯಲ್ಲಿ. ಮನಸ್ಸಿನ ನೋವು ಹಾಗಲ್ಲ. ಯಾರು ಮಾಡಿದರು, ಬೇಕೆಂದೇ ಮಾಡಿದರೇ, ಮಾಡಿ ಒಪ್ಪಿಕೊಂಡರೇ ಎಂಬುದೆಲ್ಲ ಆ ನೋವಿನ ಒಳಗೇ ಇದೆ. ಗಾಯದ ಭಾಷೆ ಇದನ್ನು ಬಿಟ್ಟುಬಿಡುತ್ತದೆ. ನೊಂದವಳ ಮುಂದೆ ನಿಂತು, ನೀನಿನ್ನೂ ಚೇತರಿಸಿಕೊಂಡಿಲ್ಲವೇ ಎಂದು ಕೇಳುತ್ತದೆ. ನೋಯಿಸಿದವನನ್ನು ಏನೂ ಕೇಳುವುದಿಲ್ಲ.

ಅದೇ ಬ್ರಿಟಿಷ್ ಸೇನೆಯ ಹ್ಯಾರಿ ಫಾರ್ ಎಂಬ ಸೈನಿಕ ಶೆಲ್ ಶಾಕ್‌ನಿಂದ 1915ರಲ್ಲಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ. ಕೈ ನಡುಗುತ್ತಿದ್ದುದರಿಂದ ಹೆಂಡತಿಗೆ ಅವನ ಕಾಗದಗಳನ್ನು ನರ್ಸ್ ಬರೆದುಕೊಡಬೇಕಾಗಿತ್ತು. ಗುಣವಾದನೆಂದು ಮತ್ತೆ ಯುದ್ಧಕ್ಕೆ ಕಳಿಸಿದರು. 1916ರಲ್ಲಿ, ಸೋಮ್ ಕದನದ ಹೊತ್ತಿಗೆ, ಮುಂಚೂಣಿಗೆ ಹೋಗಲಾರೆ ಎಂದ. ಹೇಡಿತನದ ಆರೋಪದ ಮೇಲೆ ವಿಚಾರಣೆ ನಡೆಸಿ ಗುಂಡಿಟ್ಟು ಕೊಂದರು. ಮನೆಗೆ ಬರುತ್ತಿದ್ದ ಪಿಂಚಣಿ ನಿಂತಿತು. ಹೆಂಡತಿ ನಾಚಿಕೆಗೆ ಅಂಜಿ ದಶಕಗಳ ಕಾಲ ವಿಷಯವನ್ನು ಮುಚ್ಚಿಟ್ಟಳು. ಈ ಹೆಂಗಸಿಗೆ ಯಾವ ಚಿಕಿತ್ಸೆ ಹೇಳೋಣ? ಅವಳ ಮನಸ್ಸಿನಲ್ಲಿ ಕೆಟ್ಟುಹೋದದ್ದು ಏನೂ ಇರಲಿಲ್ಲ. ಸರ್ಕಾರ ಆಡಿದ ಸುಳ್ಳೊಂದು ಅವಳ ಮನೆಯ ಮೇಲೆ ಕೂತಿತ್ತು.

ತಪ್ಪು ಮಾಡಿದವನು ಒಪ್ಪುವವರೆಗೆ ನೊಂದವರು ಕಾಯುತ್ತಲೇ ಕೂರಬೇಕೇ, ಅದು ಅವರನ್ನು ಮತ್ತೆ ಅವನ ಕೈಗೇ ಒಪ್ಪಿಸಿದಂತಲ್ಲವೇ ಎಂದು ಕೇಳಬಹುದು. ಈ ಆಕ್ಷೇಪ ಹಗುರವಾದದ್ದಲ್ಲ. ನಿದ್ದೆ ಬರಬೇಕು, ಊಟ ಸೇರಬೇಕು, ಮಕ್ಕಳನ್ನು ಸಾಕಬೇಕು. ಅದಕ್ಕೆ ಔಷಧ, ಆಪ್ತಸಮಾಲೋಚನೆ, ನೆಂಟರಿಷ್ಟರ ಸಹವಾಸ ಎಲ್ಲವೂ ಬೇಕು, ಇಂದೇ ಬೇಕು. ನನ್ನ ತಕರಾರು ಒಂದೇ. ನೊಂದವರು ತಮ್ಮ ಬಲದಿಂದ ಎದ್ದು ನಿಂತರೆಂದು ನೋಯಿಸಿದವರ ಬಾಕಿ ತೀರಿತೆಂದು ಬರೆದುಕೊಳ್ಳಬಾರದು. ಅವೆರಡೂ ಬೇರೆ ಬೇರೆ ಲೆಕ್ಕ.

ಫಾರ್‌ನ ಮಗಳು ಗರ್ಟ್ರೂಡ್ ಹ್ಯಾರಿಸ್ ಇದನ್ನು ಬಲ್ಲವರಾಗಿದ್ದರು. ಅವರು ಸಂಸಾರ ನಡೆಸಿದರು, ಮುಪ್ಪನ್ನೂ ಕಂಡರು, ಆದರೂ ಅಪ್ಪನ ಹೆಸರಿಗಾಗಿ ಹೋರಾಡಿದರು. ‘ಮೂವ್ ಆನ್’ ಎನ್ನುವವರ ಕಣ್ಣಿಗೆ ಅದು ಹಳೆಯ ನೋವಿಗೆ ಜೋತುಬಿದ್ದಂತೆ ಕಂಡೀತು. ನನಗೆ ಅದು ಆರೋಗ್ಯವಂತ ಮನಸ್ಸಿನ ಲಕ್ಷಣವೆಂದೇ ಕಾಣುತ್ತದೆ. 2006ರಲ್ಲಿ ಬ್ರಿಟನ್ ಹೀಗೆ ಗುಂಡಿಗೆ ಬಲಿಯಾದ 306 ಸೈನಿಕರಿಗೆ ಕ್ಷಮೆ ನೀಡಿತು. ಮಗಳಿಗೆ ಆಗ 93 ವರ್ಷ, ತಾಯಿ ತೀರಿಕೊಂಡಿದ್ದರು. ಆ ಸೈನಿಕರಿಗೆ ಇಂಥ ಸಾವು ತಕ್ಕದ್ದಾಗಿರಲಿಲ್ಲ ಎಂದು ಸರ್ಕಾರ ಒಪ್ಪಿಕೊಂಡಿತು. ಆದರೆ ಕ್ಷಮೆ ನೀಡಿದ ಕಾನೂನೇ, ಅಂದಿನ ತೀರ್ಪಾಗಲಿ ಶಿಕ್ಷೆಯಾಗಲಿ ಇದರಿಂದ ರದ್ದಾಗುವುದಿಲ್ಲ ಎಂದೂ ಬರೆದಿಟ್ಟಿದೆ.